ಆರು ಹೆಸರಿನ ಚೀಟಿ

ಚೀಟಿ ನನ್ನ ಕೈಗೆ ಬಂದದ್ದು ಕೆಲಸದ ಜಾಗದಲ್ಲಿ. ರಾಯಚೂರಿನ ಸ್ಟೇಷನ್ ಕಡೆ ಒಬ್ಬರ ಮನೆಗೆ ಮೇಲಂತಸ್ತು ಕಟ್ಟುತ್ತಿದ್ದೆವು. ನಾನು ಗೋಡೆಯ ಮೇಲೆ ನಿಂತು ದಾರ ಹಿಡಿದಿದ್ದೆ. ಕೆಳಗೆ ಸ್ಕೂಟಿ ನಿಲ್ಲಿಸಿದ ಹೆಣ್ಣುಮಗಳೊಬ್ಬರು, "ಇಲ್ಲಿ ಮೇಸ್ತ್ರಿ ಯಾರ್ರೀ?" ಎಂದು ಕೂಗಿದರು. ಮನೆ ಕಟ್ಟಿಸುವವರ ಕಡೆಯವರು, ಏನೋ ತಕರಾರು ತೆಗೆಯಲು ಬಂದಿರಬೇಕು ಅಂದುಕೊಂಡು ನಿಧಾನವಾಗಿಯೇ ಇಳಿದೆ.

"ಬಾಲಮಂದಿರದಿಂದ ಬಂದೀನ್ರಿ. ನಿಮ್ಮ ತಂಗಿ ಮಗಳು ಅದಾಳಲ್ಲ, ಆಕಿ ವಿಷಯ."

ಮೇಲಿದ್ದ ಗೌಂಡಿಗಳ ಕರಣಿಯ ಸದ್ದು ಒಮ್ಮೆಗೇ ನಿಂತಿತು. ಅವರಿಗೆ ಕೇಳಿಸದಿರಲಿ ಎಂದು ಮೇಡಂ ಅವರನ್ನು ಮರಳಿನ ಗುಡ್ಡೆಯ ಆಚೆ ಕರೆದುಕೊಂಡು ಹೋದೆ. ಕೂರಿಸಲು ಏನೂ ಇರಲಿಲ್ಲ. ಒಂದು ಬಕೆಟ್ ಬೋರಲು ಹಾಕಿದೆ. ಅವರು ಸೆರಗು ಸರಿಮಾಡಿಕೊಂಡು ಅದರ ಮೇಲೇ ಕೂತುಬಿಟ್ಟರು. ಸರ್ಕಾರಿ ಆಫೀಸಿನವರು ಕೂತು, ನಾನು ನಿಂತು ಮಾತಾಡಿದ್ದು ಎಷ್ಟೋ ಸಲ ಇದೆ. ಆದರೆ ಅವರು ನನ್ನ ಬಕೆಟ್ ಮೇಲೆ ಕೂತದ್ದು ಅದೇ ಮೊದಲು. ಏನು ಮಾಡಬೇಕೋ ತಿಳಿಯದೆ ನಾನೂ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತೆ.

"ಒಂದು ಸಭಿ ಮಾಡಬೇಕಂತೀವ್ರಿ," ಎಂದರು. "ಹುಡುಗಿ ಮುಂದ ಎಲ್ಲಿರಬೇಕು, ಯಾರು ನೋಡಿಕೋಬೇಕು, ಸಾಲಿ ಹೆಂಗ, ಇದನ್ನೆಲ್ಲ ನಿಮ್ಮ ಮನಿ ಮಂದೀನೇ ಕುಂತು ಮಾತಾಡಿ ಹೇಳಬೇಕು. ನಾವು ಹೇಳಂಗಿಲ್ಲ."

"ನೀವು ಹೇಳಂಗಿಲ್ಲ ಅಂದ್ರ? ಆಫೀಸು ನಿಮ್ಮದಲ್ಲೇನ್ರಿ?"

"ಆಫೀಸು ನಮ್ಮದು. ಹುಡುಗಿ ನಿಮ್ಮದು. ನೀವು ಮಾತಾಡೋವಾಗ ನಾವು ಖೋಲಿಯಿಂದ ಹೊರಗ ಇರ್ತೀವಿ."

ಇದು ನನ್ನ ತಲೆಗೆ ಹೋಗಲಿಲ್ಲ. ಆಫೀಸಿಗೆ ಕರೆಸುವುದು ಬೈಯಲಿಕ್ಕೆ, ಇಲ್ಲವೇ ಸಹಿ ಹಾಕಿಸಿಕೊಳ್ಳಲಿಕ್ಕೆ. ಕರೆಸಿ ಕೂರಿಸಿ ತಾವೇ ಎದ್ದು ಹೊರಗೆ ಹೋಗುತ್ತಾರೆಂದರೆ ಏನೋ ಮೋಸವಿರಬೇಕು ಎನಿಸಿತು. ಮೇಡಂ ಚೀಲದಿಂದ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದು ಕೊಟ್ಟರು. "ಯಾರ್ಯಾರು ಬರಬೇಕಂತ ಆಕೀನೇ ಬರದು ಕೊಟ್ಟಾಳ. ಎಲ್ಲರಿಗೂ ತಿಳಿಸೋ ಜಿಮ್ಮಾ ನೀವು ತಗೋತೀರೇನು?"

ಹಾಳೆಯಲ್ಲಿ ಆರು ಹೆಸರಿದ್ದವು. ದೇವದುರ್ಗದ ಅಜ್ಜಿ, ಅಂದರೆ ಅವಳ ಅಪ್ಪನ ತಾಯಿ. ಮಾನ್ವಿಯಲ್ಲಿರುವ ಚಿಗವ್ವ, ಅಂದರೆ ನನ್ನ ಕಿರಿಯ ತಂಗಿ. ನನ್ನ ಹೆಂಡತಿ. ಅವಳ ಶಾಲೆಯ ಟೀಚರ್. ಅಜ್ಜಿಯ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸು. ಕೊನೆಗೆ ನಾನು. ನನ್ನ ಹೆಸರನ್ನು ಬರೆದು, ಮೇಲೆ ಎರಡು ಗೆರೆ ಎಳೆದು ಹೊಡೆದುಹಾಕಿ, ಅದರ ಕೆಳಗೆ ಮತ್ತೆ ಅದೇ ಹೆಸರು ಬರೆದಿದ್ದಳು.

ಬಹಳ ಹೊತ್ತು ಆ ಎರಡು ಗೆರೆಗಳನ್ನೇ ನೋಡಿದೆ. ಯಾಕೆ ಹೊಡೆದುಹಾಕಿದಳು, ಹೊಡೆದವಳು ಮತ್ತೆ ಯಾಕೆ ಬರೆದಳು? ಮೇಡಂ ಅವರನ್ನು ಕೇಳಲು ಮನಸ್ಸು ಬರಲಿಲ್ಲ. ಹಾಳೆ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ನಾನು ಓದಿದ್ದು ಐದನೇ ಇಯತ್ತೆಯವರೆಗೆ. ಅಪ್ಪ ಒಂದು ದಿನ ಶಾಲೆಯ ಬಾಗಿಲಿಗೇ ಬಂದು, ಮಾಸ್ತರರಿಗೆ ಕೈ ಮುಗಿದು, ನನ್ನನ್ನು ಕರೆದುಕೊಂಡು ಹೋಗಿ ಗಾರೆ ಕಲಸಲು ನಿಲ್ಲಿಸಿದ. ಅದರ ಬಗ್ಗೆ ನನಗೆ ಅಳು ಇಲ್ಲ. ಇಪ್ಪತ್ತೈದಕ್ಕೆ ಮೇಸ್ತ್ರಿಯಾದೆ. ಈ ಊರಿನಲ್ಲಿ ನಾನು ಎಬ್ಬಿಸಿದ ಗೋಡೆಗಳಲ್ಲಿ ಒಂದೂ ಬಿರುಕು ಬಿಟ್ಟಿಲ್ಲ. ಬೇಕಿದ್ದರೆ ಯಾರಾದರೂ ಹೋಗಿ ನೋಡಬಹುದು. ಎಂಜಿನಿಯರ್‌ಗಳು ಕಾಗದದ ಮೇಲೆ ಚೆಂದವಾಗಿ ನಕ್ಷೆ ಬರೆದುಕೊಡುತ್ತಾರೆ. ಜಾಗಕ್ಕೆ ಬಂದು ನೋಡಿದರೆ ಮೆಟ್ಟಿಲು ಬಾಗಿಲಿಗೆ ಬಡಿಯುತ್ತದೆ, ನೀರು ಒಳಕ್ಕೇ ಹರಿಯುತ್ತದೆ. ಅದನ್ನು ಸರಿಮಾಡುವವನು ನಾನು. ಯಾರನ್ನೂ ಕೇಳುವುದಿಲ್ಲ, ಮಾಡಿಬಿಡುತ್ತೇನೆ. ಮನೆಯವರು ಆಮೇಲೆ, "ಮೇಸ್ತ್ರಿ ಮಾಡಿದ್ದು ಚೊಲೋ ಆತು," ಅನ್ನುತ್ತಾರೆ. ಮೂವತ್ತು ವರ್ಷದ ಈ ಅಭ್ಯಾಸವೇ ಆ ಚೀಟಿಗೂ ಮುಳುವಾಯಿತು.

ಅದಕ್ಕೆ ಮೊದಲಿನದನ್ನು ಹೇಳಬೇಕು. ನನ್ನ ದೊಡ್ಡ ತಂಗಿಯನ್ನು ದೇವದುರ್ಗಕ್ಕೆ ಕೊಟ್ಟಿದ್ದೆವು. ಅವಳು ಕಾಯಿಲೆ ಬಿದ್ದು ತೀರಿಕೊಂಡಳು. ಅವಳ ಗಂಡ ಕೂಲಿಗೆಂದು ಬೆಂಗಳೂರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಹುಡುಗಿ ಅಜ್ಜಿಯ ಹತ್ತಿರ ಉಳಿದಳು. ಹದಿನೈದಾಗಿ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಜ್ಜಿ ನನಗೆ ಹೇಳಿಕಳಿಸಿದಳು. "ಯಪ್ಪಾ, ನನಗ ಕಣ್ಣು ಕಾಣವಲ್ಲವು. ನಾ ಹೋದ್ರ ಇದನ್ನ ಯಾರು ನೋಡ್ತಾರ? ನೀ ಸೋದರಮಾವ ಅದಿ, ಒಂದು ದಾರಿ ತೋರಿಸು."

ಮಾನ್ವಿ ಕಡೆಯ ಬಾಗಲವಾಡದಲ್ಲಿ ನನ್ನ ದೊಡ್ಡಪ್ಪನ ಮೊಮ್ಮಗನಿದ್ದ. ಟ್ರ್ಯಾಕ್ಟರ್ ಹೊಡೆಯುವ ಹುಡುಗ, ಕುಡಿತವಿಲ್ಲ. ಅವನ ತಾಯಿ ನನಗೆ ಅತ್ತಿಗೆಯಾಗಬೇಕು. ನಾನೇ ಮಾತು ತೆಗೆದೆ, ನಾನೇ ಎಲೆ ಅಡಿಕೆ ಹಿಡಿದೆ. ನಮ್ಮಲ್ಲಿ ಸೋದರಮಾವ ಎಲೆ ಅಡಿಕೆ ಹಿಡಿದನೆಂದರೆ ಮುಗಿಯಿತು, ಹುಡುಗಿ ಆ ಮನೆಯವಳು. ಅತ್ತಿಗೆ ಹಸಿರು ಸೀರೆ ತಂದು ಅಜ್ಜಿಯ ಕೈಗಿಟ್ಟಳು. ಅಷ್ಟು ಹೊತ್ತೂ ಹುಡುಗಿ ಒಳಗೆ ಒಲೆಯ ಮುಂದೆ ಇದ್ದಳು. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವಳನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಈಗ ಎಲ್ಲರೂ, "ಅದು ಹೆಂಗ ಹೊಳೀಲಿಲ್ಲ?" ಅನ್ನುತ್ತಾರೆ. ಹೊಳೆಯಲಿಲ್ಲ, ಅಷ್ಟೇ. ನನ್ನನ್ನು ಶಾಲೆಯಿಂದ ಕರೆದುಕೊಂಡು ಹೋಗುವಾಗ ಅಪ್ಪ ನನ್ನನ್ನು ಕೇಳಿದ್ದನೇ?

ಲಗ್ನಕ್ಕೆ ನಾಲ್ಕು ದಿನವಿರುವಾಗ ಅವಳು ಟೀಚರ್ ಫೋನಿನಿಂದ ಶಾಲೆಯ ಗೋಡೆಯ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿಯ ನಂಬರಿಗೆ ಫೋನು ಮಾಡಿದಳು. ಜೀಪು ಬಂತು. ಲಗ್ನ ನಿಂತಿತು. ಅಜ್ಜಿಯಿಂದಲೂ ನನ್ನಿಂದಲೂ ಮುಚ್ಚಳಿಕೆ ಬರೆಸಿಕೊಂಡರು. ಹುಡುಗಿಯನ್ನು ರಾಯಚೂರಿನ ಬಾಲಮಂದಿರಕ್ಕೆ ತಂದಿಟ್ಟರು. ನನ್ನ ಮನೆಯಿಂದ ಅಲ್ಲಿಗೆ ಬೈಕಿನಲ್ಲಿ ಹತ್ತು ನಿಮಿಷ. ಎರಡು ತಿಂಗಳು ನಾನು ಹೋಗಿ ನೋಡಲಿಲ್ಲ. ಹೆಂಡತಿ ಎರಡು ಸಲ ಹೋಗಿ ಬಂದಳು. ಅವಳು ಬಂದಾಗ ನಾನು ಏನೂ ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ.

ಆ ಸಂಜೆ ಚೀಟಿಯನ್ನು ಮನೆಯಲ್ಲಿ ಬಿಚ್ಚಿ ಕೂತೆ. ಆರು ಮಂದಿಯಲ್ಲಿ ಗಂಡಸು ನಾನೊಬ್ಬನೇ. ನಮ್ಮ ಅಣ್ಣತಮ್ಮಂದಿರ ಮನೆಗಳು ಎಷ್ಟೊಂದಿವೆ. ದೇವದುರ್ಗದಲ್ಲಿ ಒಂದಿಷ್ಟು, ಮಾನ್ವಿಯಲ್ಲಿ ಒಂದಿಷ್ಟು. ಒಂದು ಹುಡುಗಿಯ ಬಾಳಿನ ಮಾತು ನಡೆಯುವಾಗ ಅವರನ್ನು ಬಿಟ್ಟು ರೊಟ್ಟಿ ಮಾರುವವಳನ್ನು ಕರೆಯುವುದೇ? ಸಣ್ಣ ಹುಡುಗಿ, ರೀತಿ ರಿವಾಜು ಗೊತ್ತಿಲ್ಲ, ಅನಿಸಿತು. ಒಂದು ಮನೆಯನ್ನು ಕರೆದು ಇನ್ನೊಂದನ್ನು ಬಿಟ್ಟರೆ ನಮ್ಮಲ್ಲಿ ಅದು ಮೊಮ್ಮಕ್ಕಳ ಕಾಲದವರೆಗೂ ಮರೆಯದ ಮಾತು. ಮರುದಿನವೇ ಕೆಲಸ ಬಿಟ್ಟು, ಬೈಕ್ ತೆಗೆದುಕೊಂಡು, ಎಲೆ ಅಡಿಕೆ ಕಟ್ಟಿಕೊಂಡು ಮನೆ ಮನೆಗೆ ಹೊರಟೆ.

ಹೆಂಡತಿ ಹೊಸ್ತಿಲಲ್ಲಿ ನಿಂತು, "ಚೀಟ್ಯಾಗ ಆರು ಅದಾವು. ಸಿಮೆಂಟ್ ಚೀಲ ಆದ್ರ ಒಂದು ಹೆಚ್ಚು ಕಮ್ಮಿ ಬಿಡಂಗಿಲ್ಲ. ಇಲ್ಲಿ ಯಾಕ ಎಣಿಕಿ ಮರೀತಿ?" ಎಂದಳು.

"ನಿನಗ ತಿಳಿಯಂಗಿಲ್ಲ ಬಿಡು."

"ನನಗ ತಿಳಿಯಂಗಿಲ್ಲ. ಆಕಿಗಾದ್ರ ತಿಳಿದೀತಲ್ಲ, ಆಕಿ ಬರದಾಳ."

ಬಾಗಲವಾಡಕ್ಕೂ ಹೋದೆ. ಅದನ್ನು ಬರೆಯಲು ಈಗ ಕೈ ತಡೆಯುತ್ತದೆ. ದೊಡ್ಡಪ್ಪನ ಮನೆ ನಮ್ಮಲ್ಲಿ ಹಿರಿಯರ ಮನೆ. ಎಲ್ಲರನ್ನೂ ಕರೆದು ಅದನ್ನು ಬಿಟ್ಟರೆ ನಾನು ಮುಖ ತೋರಿಸುವುದು ಹೇಗೆ? ಹುಡುಗಿ ತಪ್ಪಿಸಿಕೊಂಡದ್ದು ಆ ಮನೆಯ ಲಗ್ನದಿಂದ ಎಂಬುದು ನನಗೆ ನೆನಪಿರಲಿಲ್ಲವೆಂದಲ್ಲ, ನೆನಪಿತ್ತು. ಆದರೆ ಲಗ್ನದ ಮಾತು ಬೇರೆ, ಕರೆಯುವ ಮಾತು ಬೇರೆ ಎಂದು ತಲೆಯಲ್ಲಿ ಎರಡು ಗೋಡೆ ಎಬ್ಬಿಸಿಕೊಂಡಿದ್ದೆ.

ಸಭೆಯ ದಿನ ಎರಡು ಕ್ರೂಸರ್ ಗಾಡಿಗಳಲ್ಲಿ ಇಪ್ಪತ್ತಮೂರು ಮಂದಿ ಬಾಲಮಂದಿರದ ಗೇಟಿನ ಮುಂದೆ ಇಳಿದೆವು. ರುಮಾಲು ಸುತ್ತಿದ ಹಿರಿಯರು, ಮಡಿಲ ಕೂಸು ಹಿಡಿದವರು. ಅತ್ತಿಗೆ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಹೂವೂ ಬಾಳೆಹಣ್ಣೂ ತಂದಿದ್ದಳು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರ ಮುಂದೆ ನಿಂತಿದ್ದೆ. ಇಷ್ಟು ಮಂದಿ ಬೆನ್ನಿಗಿದ್ದಾರೆಂದು ಕಂಡರೆ ಹುಡುಗಿಗೆ ಧೈರ್ಯ ಬರುತ್ತದೆ ಎಂದೇ ನಂಬಿದ್ದೆ.

ಮೇಡಂ ಗೇಟಿನ ತನಕ ಬಂದು ನಿಂತರು. ಎಲ್ಲರ ಮುಖ ನೋಡಿದರು. "ಇವರು ಯಾರ್ರೀ?"

"ನಮ್ಮ ಮಂದೀರಿ. ಎಲ್ಲಾ ಒಂದೇ ರಕ್ತ."

"ಹುಡುಗನ ಮನಿಯವರು ಯಾರರ ಬಂದಾರೇನು?"

ನಾನು ಉತ್ತರ ಕೊಡುವ ಮೊದಲೇ ಒಳಗೆ ಏನೋ ಸದ್ದಾಯಿತು. ತಲೆಯೆತ್ತಿ ನೋಡಿದೆ. ಮೇಲಿನ ಕಿಟಕಿಯಲ್ಲಿ ಹುಡುಗಿ ನಿಂತಿದ್ದಳು. ಎರಡು ಜಡೆ, ಸಮವಸ್ತ್ರದಂಥ ಅಂಗಿ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಅತ್ತಿಗೆಯ ಕೈಯಲ್ಲಿದ್ದ ಹೂವನ್ನು ನೋಡುತ್ತಿದ್ದಳು. ಆಮೇಲೆ ಕಿಟಕಿ ಖಾಲಿಯಾಯಿತು.

ಅವಳು ಹೊರಗೆ ಬರಲೇ ಇಲ್ಲ. ನಾವು ಅಂಗಳದ ಬೇವಿನ ಗಿಡದ ಕೆಳಗೆ ಕೂತೆವು. ಹಿರಿಯರೊಬ್ಬರು, "ನಮ್ಮನ್ನ ಇಲ್ಲಿ ಬಿಸಲಾಗ ಒಣಾ ಹಾಕಾಕ ಕರ್ಕೊಂಡು ಬಂದಿ ಏನೋ?" ಎಂದರು. ಅತ್ತಿಗೆ ಬಾಳೆಹಣ್ಣನ್ನು ಕೂಸುಗಳಿಗೆ ಹಂಚಿಬಿಟ್ಟಳು. ಅಜ್ಜಿ ಮಾತ್ರ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಲ್ಲರೂ ಗಾಡಿ ಹತ್ತುವಾಗ ಮೇಡಂ ನನ್ನನ್ನು ಬದಿಗೆ ಕರೆದರು.

"ಆಕಿ ಒಂದೇ ಮಾತು ಹೇಳ್ಯಾಳ. ಮಾಮಾಗ ಹೇಳ್ರಿ, ನನ್ನ ಚೀಟಿ ವಾಪಸ್ ಕೊಡು ಅಂತ."

ಜೇಬಿನಿಂದ ತೆಗೆದೆ. ಹಾಳೆಯ ಹಿಂಬದಿಗೆ ನಾನು ಯಾವಾಗಲೋ ಸ್ಲ್ಯಾಬಿನ ಕಬ್ಬಿಣದ ಲೆಕ್ಕ ಬರೆದಿದ್ದೆ. ಅಳಿಸಲು ಉಗುರಿನಿಂದ ಕೆರೆದೆ. ಹಾಳೆ ಹರಿಯಿತೇ ಹೊರತು ಲೆಕ್ಕ ಹೋಗಲಿಲ್ಲ. ಹಾಗೆಯೇ ಕೊಟ್ಟೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. "ಜೂನ್‌ನಾಗ ಹತ್ತನೇ ಇಯತ್ತೆ ಸುರುವಾಗ್ತದ," ಎಂದರು. "ಅದರೊಳಗ ಆಕಿ ಯಾರ ಹತ್ರ ಇರ್ತಾಳ, ಆಕಿಗೆ ಯಾರಿಂದ ಭಯ ಇಲ್ಲ ಅಂತ ನೀವೆಲ್ಲ ಕೂಡಿ ಬರದು ಕೊಟ್ಟರ ಮಕ್ಕಳ ಕಲ್ಯಾಣ ಸಮಿತಿಯವರು ಮನಿಗೆ ಕಳಿಸ್ತಾರ. ಇಲ್ಲಂದ್ರ ಹದಿನೆಂಟು ತುಂಬೋ ತನಕ ಹಿಂಗ ಇಲ್ಲೇ. ಇನ್ನೊಂದು ಸರ್ತಿ ಆಕಿ ಒಪ್ಪಿದ್ರ ಕರೀತೀನಿ. ಒಪ್ಪಿದ್ರ."

ನನಗೆ ಗೊತ್ತಿರುವುದು ಒಂದೇ ಕೆಲಸ. ಮರುದಿನ ಬೆಳಿಗ್ಗೆಯೇ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಖೋಲಿಗೆ ದಾರ ಹೊಡೆದೆ. ಬೂದಿ ಇಟ್ಟಿಗೆ ತರಿಸಿದೆ. ಕೂಲಿಗೆ ಹೋಗುವ ಮುಂಚೆ ಎರಡು ತಾಸು, ಬಂದ ಮೇಲೆ ಎರಡು ತಾಸು, ನಾನೊಬ್ಬನೇ ಗೋಡೆ ಎಬ್ಬಿಸಿದೆ. ಪುಸ್ತಕ ಇಡಲು ಕಡಪಾ ಕಲ್ಲಿನ ಹಲಗೆ, ಕೂತು ಓದಲು ಕಟ್ಟೆ, ಮೂಡಣಕ್ಕೆ ದೊಡ್ಡದೊಂದು ಕಿಟಕಿ. ಒಳಗೆ ತಿಳಿ ನೀಲಿ ಬಣ್ಣ. ಇಪ್ಪತ್ತು ದಿನದಲ್ಲಿ ಮುಗಿಯಿತು, ಕಿಟಕಿಗೆ ಗ್ರಿಲ್ ಹಾಕುವುದೊಂದು ಬಾಕಿ. ನಾನು ಬೇರೆಯವರಿಗೆ ಕಟ್ಟಿದ ಯಾವ ಖೋಲಿಯೂ ಇಷ್ಟು ನಯವಾಗಿರಲಿಲ್ಲ.

ಹೆಂಡತಿ ಮೇಲೆ ಬಂದು ಗೋಡೆ ಸವರಿ ನೋಡಿದಳು. "ಚೊಲೋ ಆಗ್ಯದ. ಬೇಕಂತ ಆಕಿ ಹೇಳಿದ್ಲೇನು?"

ನಾನು ಕರಣಿ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ಮೇ ತಿಂಗಳಲ್ಲಿ ಮೇಡಂ ಮತ್ತೆ ಬಂದರು. ಮತ್ತೊಂದು ಹಾಳೆ, ಮತ್ತೆ ಆರೇ ಹೆಸರು. ನಾನು ಮೊದಲು ನೋಡಿದ್ದು ತಳದ ಹೆಸರನ್ನು. ಈ ಸಲ ಅದರ ಮೇಲೆ ಗೆರೆಯಿರಲಿಲ್ಲ, ಒಂದೇ ಬಾರಿಗೆ ಬರೆದಿದ್ದಳು. ಅದರ ಅರ್ಥವೇನೆಂಬುದೂ ನನಗೆ ತಿಳಿಯಲಿಲ್ಲ. ಈ ಸಲ ನಾನು ಆ ಐದು ಮಂದಿಗಲ್ಲದೆ ಬೇರೆ ಯಾರಿಗೂ ಹೇಳಲಿಲ್ಲ. ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ.

ಸಭೆ ಬಾಲಮಂದಿರದ ಒಂದು ಸಣ್ಣ ಖೋಲಿಯಲ್ಲಿ. ಏಳು ಕುರ್ಚಿ ಸುತ್ತಲೂ ಹಾಕಿದ್ದರು, ಮುಂದೆ ಹಿಂದೆ ಎಂಬುದಿಲ್ಲ. ಮೇಡಂ ಎರಡು ಮಾತು ಹೇಳಿದರು: ಹುಡುಗಿಯ ಓದು ನಿಲ್ಲಬಾರದು, ಹದಿನೆಂಟರ ಒಳಗೆ ಲಗ್ನದ ಮಾತು ಬರಬಾರದು. "ಉಳಿದಿದ್ದು ನಿಮಗ ಬಿಟ್ಟಿದ್ದು. ಮುಗಿದ ಮ್ಯಾಲ ಕರೀರಿ," ಎಂದು ನಿಜವಾಗಿಯೂ ಎದ್ದು ಹೋಗಿ ಬಾಗಿಲು ಮುಚ್ಚಿಕೊಂಡರು.

ಎಲ್ಲರೂ ಬಾಗಿಲನ್ನೇ ನೋಡುತ್ತ ಕೂತೆವು. ರೊಟ್ಟಿ ಮಾರುವ ಹೆಂಗಸು, "ಹೊರಗಿಂದ ಚಿಲಕ ಹಾಕ್ಯಾರೇನು ಮತ್ತ?" ಎಂದಳು. ಹುಡುಗಿ ನಕ್ಕಳು. ನಾನು ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ. ಆ ಹೆಂಗಸು ಬುಟ್ಟಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ.

"ಮೊದಲು ಉಣ್ರಿ," ಎಂದಳು ಹುಡುಗಿ. "ಹಸಿದ್ರ ಮಾಮಾಗ ಸಿಟ್ಟು ಬರ್ತದ."

ಉಂಡೆವು. ಕೈ ತೊಳೆದು ಬಂದ ಮೇಲೆ ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಪಂಚಾಯ್ತಿಯಲ್ಲಿ ಹಿರಿಯರು ಎದ್ದು ನಿಂತೇ ಮಾತು ಸುರು ಮಾಡುವುದು.

"ಕುಂದ್ರು ಮಾಮಾ. ಎಲ್ಲರದು ಮುಗೀಲಿ. ನಿಂದು ಕಡೀಕ."

ನನ್ನ ಮನೆಯಲ್ಲಿ, ನನ್ನ ಕೆಲಸದಲ್ಲಿ, ಯಾರೂ ನನಗೆ ಕೂರು ಎಂದವರಿಲ್ಲ. ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಕೆಳಗೆ ಎಳೆದಳು. ಕೂತೆ.

ಅಜ್ಜಿ ಮೊದಲು ಮಾತಾಡಿದಳು. "ನಾ ಕೆಟ್ಟಾಕಿ ಅಲ್ಲ ಯವ್ವಾ. ಕಣ್ಣು ಹೋಗಾಕತ್ತಾವು, ಅಂಜಿದೆ." ಹುಡುಗಿ ತನ್ನ ಕುರ್ಚಿಯನ್ನು ಅಜ್ಜಿಯ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಗೊತ್ತದ ಆಯಿ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನಿನ್ನ ಹತ್ರ ಇರಾಕ ಬರಂಗಿಲ್ಲ. ನೀ ಅಳ್ತಿ, ನಾ ಹೂಂ ಅಂತೀನಿ." ಟೀಚರ್ ಮಾನ್ವಿಯ ಶಾಲೆಯೊಂದರಲ್ಲಿ ಸೇರಿಸಿಕೊಳ್ಳುತ್ತಾರೆಂದು ಹೇಳಿದರು. ಮಾನ್ವಿಯ ನನ್ನ ತಂಗಿ, "ನನ್ನದು ಒಂದೇ ಖೋಲಿ, ಮ್ಯಾಲ ತಗಡು. ಬ್ಯಾಸಿಗ್ಯಾಗ ರೊಟ್ಟಿ ತಾನ ಬೇಯ್ತದ. ಆದ್ರ ಬಂದ್ರ ಬ್ಯಾಡ ಅನ್ನಂಗಿಲ್ಲ," ಎಂದಳು.

"ನಾ ಅಲ್ಲೇ ಇರ್ತೀನಿ," ಎಂದಳು ಹುಡುಗಿ.

ನನಗೆ ತಡೆಯಲಾಗಲಿಲ್ಲ. "ನಮ್ಮ ಮನ್ಯಾಗ ನಿನಗಂತ ಖೋಲಿ ಕಟ್ಟೀನಿ! ನೀಲಿ ಬಣ್ಣ, ಕಡಪಾ ಹಲಗಿ. ತಗಡಿನ ಕೆಳಗ ಹೋಗಿ ಬೇಯ್ತೀನಂತಿಯಲ್ಲ?"

ಅವಳು ನನ್ನನ್ನು ಮೊದಲ ಸಲ ನೇರವಾಗಿ ನೋಡಿದಳು. ನನ್ನ ಸತ್ತ ತಂಗಿಯ ಕಣ್ಣೇ. "ನೋಡಾಕ ಬರ್ತೀನಿ ಮಾಮಾ. ಇರಾಕ ಅಲ್ಲ."

"ಯಾಕ?"

"ಚಿಗವ್ವ ಬೈತಾಳ. ಬೈದು ಆಮ್ಯಾಲ, ನೀ ಏನಂತಿ ಅಂತ ಕೇಳ್ತಾಳ. ನೀ ಬೈಯಂಗಿಲ್ಲ. ಕೇಳೂದೂ ಇಲ್ಲ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ತನ್ನ ಬಳೆ ನೋಡಿಕೊಳ್ಳುತ್ತಿದ್ದಳು.

"ಮತ್ತ ನನ್ನನ್ನ ಯಾಕ ಕರೆಸಿದಿ?" ಎಂದೆ.

"ಮಾನ್ವಿಯಿಂದ ಬಾಗಲವಾಡ ದೂರಿಲ್ಲ ಮಾಮಾ. ಸಂತಿಗೆ ಅವರು ಬರ್ತಾರ. ಅವರ ಲೆಕ್ಕದಾಗ ನಾ ಇನ್ನೂ ಅವರ ಮನಿ ಸೊಸಿನ. ಲಗ್ನ ಮುಂದಕ್ಕ ಹೋಗ್ಯದ, ಅಷ್ಟ. ಸರಕಾರ ಬಂದು ಬಿಡಿಸಿದ್ದು ಅವರಿಗೆ ಲೆಕ್ಕಿಲ್ಲ. ಎಲಿ ಅಡಿಕಿ ಹಿಡಿದವರು ತಿರುಗಿ ಕೊಟ್ಟರಷ್ಟ ಅದು ಬಿಟ್ಟಂಗ. ಹಿಡಿದವ ನೀನು. ನೀನ ಹೋಗಿ ಕೊಡಬೇಕು. ಹುಡುಗಿ ಒಲ್ಲೆ ಅಂದ್ಲು ಅಂತ ಅಲ್ಲ, ನಾನ ಒಲ್ಲೆ ಅಂತ ನಿನ್ನ ಮಾತಾಗೇ ಹೇಳಬೇಕು."

ಅಜ್ಜಿ ಕೈಚೀಲಕ್ಕೆ ಕೈಹಾಕಿ ಆ ಹಸಿರು ಸೀರೆ ಹೊರಗೆ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರೇ? ಯಾವಾಗ? ಎಷ್ಟೋ ಮನೆ ಕಟ್ಟಿದವನು, ನನಗೇ ಗೊತ್ತಿಲ್ಲದ ಮನೆಯೊಳಗೆ ಕೂತಂತೆ ಕೂತಿದ್ದೆ.

ಟೀಚರ್ ಎಲ್ಲವನ್ನೂ ಬರೆದರು. ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಸಾಲು. ನನ್ನದರ ಮುಂದೆ: ಶಾಲೆ ಸುರುವಾಗುವ ಮೊದಲು ಬಾಗಲವಾಡಕ್ಕೆ ಹೋಗಿ ಸೀರೆ ತಿರುಗಿ ಕೊಟ್ಟು, ತನ್ನ ಮಾತಾಗಿ ಹೇಳಿ ಬರುವುದು. ಸಹಿ ಹಾಕಿದೆ. ಹಾಕದೆ ಉಳಿಯುವ ದಾರಿ ಕಾಣಲಿಲ್ಲ.

ಸಮಿತಿಯವರು ಒಪ್ಪಿದರು. ಹುಡುಗಿ ಮಾನ್ವಿಗೆ ಹೋದಳು. ಶಾಲೆ ಸುರುವಾಗುವ ಹಿಂದಿನ ದಿನ ನಾನು ಸೀರೆಯನ್ನು ಚೀಲದಲ್ಲಿ ಹಾಕಿ ಬೈಕಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹೊರಟೆ. ನೀರಮಾನ್ವಿಯ ಹತ್ತಿರ ನಿಲ್ಲಿಸಿ ಎಲ್ಲಮ್ಮನ ಗುಡಿಯ ಕಡೆ ತಿರುಗಿ ಕೈ ಮುಗಿದೆ. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ, ಸುಮ್ಮನೆ ಮುಗಿದೆ. ಮಾನ್ವಿಯಲ್ಲಿ ನಿಲ್ಲದೆ ಬಾಗಲವಾಡಕ್ಕೆ ಹೋದೆ.

"ಬಾರಪಾ ಬಾ," ಎಂದಳು ಅತ್ತಿಗೆ. "ಅವತ್ತು ಗಾಡಿ ಮಾಡಿ ಕರಕೊಂಡು ಹೋಗಿ ಬೇವಿನ ಗಿಡದ ಕೆಳಗ ಕುಂದ್ರಿಸಿದಿ. ಇವತ್ತು ಯಾವ ಗಿಡ ತೋರಿಸಾಕ ಬಂದಿ?"

"ಅತ್ತಿಗಿ, ಆ ಹುಡುಗಿ ವಿಷಯ…"

"ತಿಳಿದೀತು ಬಿಡು. ಸರಕಾರದ ಮುಂದ ಯಾರ ಆಟ ನಡೀತದ? ಹದಿನೆಂಟು ತುಂಬಲಿ. ನಮ್ಮ ಹುಡುಗಗೂ ಅವಸರಿಲ್ಲ. ಎಲಿ ಅಡಿಕಿ ಹಿಡಿದವ ನೀ ಅದಿ, ನಮಗೇನು ಚಿಂತಿ? ಉಣ್ಣು ಮೊದಲು."

ತಟ್ಟೆ ಮುಂದಿಟ್ಟಳು. ಉಂಡೆ. ಚಹಾ ಕೊಟ್ಟಳು. ಕುಡಿದೆ. ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ಮಳೆಯ ಮಾತು ತೆಗೆದರು. ಏಳುವಾಗ, "ನೋಡೋಣ ಅತ್ತಿಗಿ," ಎಂದೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ನೋಡೋಣ ಎಂದರೆ ಬೇಡ ಎಂದಂತೆಯೇ, ತಿಳಿದವರಿಗೆ ತಿಳಿಯುತ್ತದೆ. ಮಾನ್ವಿ ಮುಟ್ಟುವ ಹೊತ್ತಿಗೆ ನಾನು ಹೇಳಿಯೇ ಬಂದಿದ್ದೇನೆಂದು ನನಗೇ ನಂಬಿಕೆಯಾಗಿತ್ತು.

ಹುಡುಗಿ ತಗಡಿನ ಮನೆಯ ಮುಂದೆ ಹೊಸ ಪುಸ್ತಕಗಳಿಗೆ ಹಳೆಯ ಪೇಪರಿನ ರಟ್ಟು ಹಾಕುತ್ತಿದ್ದಳು. ಬೈಕ್ ನಿಲ್ಲಿಸುತ್ತಲೇ, "ಹೇಳಿ ಬಂದೆ," ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಹ್ಯಾಂಡಲ್ ನೋಡಿದಳು. ಚೀಲ ಅಲ್ಲೇ ತೂಗುತ್ತಿತ್ತು, ಹಸಿರು ಅಂಚು ಹೊರಗೆ ಇಣುಕುತ್ತಿತ್ತು.

ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. "ಕುಡಿದು ಹೋಗು ಮಾಮಾ. ಬಿಸಲದ."

ನೀರು ಕುಡಿದೆ. ತಂಬಿಗೆ ಕೊಟ್ಟೆ. ಬೈಕನ್ನು ಮತ್ತೆ ಬಾಗಲವಾಡದ ಕಡೆ ತಿರುಗಿಸಿದೆ.

ಅತ್ತಿಗೆ ಹೊಸ್ತಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. "ಏನಪಾ, ಏನ ಮರತಿ?"

ಚೀಲವನ್ನು ಮೊರದ ಪಕ್ಕಕ್ಕೆ ಇಟ್ಟೆ. ಕೂರಲಿಲ್ಲ. "ಇದನ್ನ ಮರತಿದ್ದೆ. ಎಲಿ ಅಡಿಕಿ ಹಿಡಿದವ ನಾನು, ತಿರುಗಿ ಕೊಡಾಕತ್ತಾವನೂ ನಾನು. ಹುಡುಗೀದು ಇದರಾಗ ಏನಿಲ್ಲ. ಹದಿನೆಂಟು ತುಂಬಿದ ಮ್ಯಾಲೂ ಇಲ್ಲ. ಸಂತ್ಯಾಗ ಕಂಡ್ರ ಆಕೀನ್ನ ಮಾತಾಡಿಸಬ್ಯಾಡ್ರಿ. ಏನರ ಕೇಳೂದಿದ್ರ ನನ್ನ ಕೇಳ್ರಿ."

ಕಟ್ಟೆಯ ಮೇಲಿನ ನಾಲ್ವರೂ ಕೇಳಿಸಿಕೊಂಡರು. ಅತ್ತಿಗೆ ಮೊರ ಕೆಳಗಿಟ್ಟಳು. "ಊರ ಮಂದಿಗೆಲ್ಲ ಮನಿ ಕಟ್ಟೀನಿ ಅಂತ ಎದಿ ಬಡಕೊಂತಿದ್ದಿ. ಕೆಡವಾಕ ಯಾವಾಗ ಕಲತಿ?"

ಅವಳು ಸೀರೆಯ ಚೀಲವನ್ನು ಕಾಲಿನಿಂದ ಒಳಕ್ಕೆ ಸರಿಸಿದಳು. ಅಲ್ಲಿಗೆ ಮುಗಿಯಿತು. ಆ ಮನೆಯ ಲಗ್ನ, ಮುಂಜಿ, ಸಾವು ಯಾವುದಕ್ಕೂ ನನಗೆ ಅಂದಿನಿಂದ ಕರೆ ಬಂದಿಲ್ಲ. ದೊಡ್ಡಪ್ಪನ ಮನೆ. ನಾನು ಹುಟ್ಟಿದಾಗ ತೊಟ್ಟಿಲು ಅಲ್ಲಿಂದ ಬಂದಿತ್ತಂತೆ.

ಮಾನ್ವಿಗೆ ತಿರುಗಿ ಬಂದಾಗ ಹೊತ್ತು ಇಳಿಯುತ್ತಿತ್ತು. ಹುಡುಗಿ ಕೊನೆಯ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಈ ಸಲ ನಾನು ಏನೂ ಹೇಳಲಿಲ್ಲ. ಅವಳು ಹ್ಯಾಂಡಲ್ ನೋಡಿದಳು, ಮತ್ತೆ ಕೆಲಸಕ್ಕೆ ತಲೆ ತಗ್ಗಿಸಿದಳು. ಒಂದು ಮಾತು ಆಡುತ್ತಾಳೇನೋ, ಕಣ್ಣಲ್ಲಿ ನೀರು ಬರುತ್ತದೇನೋ ಎಂದು ಕಾದೆ. ಅಂಥದ್ದೇನೂ ಆಗಲಿಲ್ಲ. ಹೊರಡಲೇ, ನಿಲ್ಲಲೇ ಎಂದು ಬೈಕಿನ ಕೀಲಿ ತಿರುವುತ್ತ ನಿಂತೆ.

"ಆ ಖೋಲಿಗೆ ಕಿಟಕಿ ಯಾವ ಕಡೆ ಇಟ್ಟೀ ಮಾಮಾ?"

"ಮೂಡಣಕ್ಕ."

"ಮುಂಜಾನಿ ಬಿಸಲು ಮುಖಕ್ಕ ಹೊಡೀತದ."

ಅದು ಬೈಗುಳವೋ, ಬರುವ ಮನಸ್ಸೋ, ಬರೀ ಬಿಸಿಲಿನ ಮಾತೋ, ಈಗಲೂ ನನಗೆ ಬಗೆ ಹರಿದಿಲ್ಲ. ನನ್ನ ನಕ್ಷೆಗೆ ಯಾರಾದರೂ ಹಾಗೆ ಅಂದಿದ್ದರೆ ಜಗಳ ತೆಗೆಯುತ್ತಿದ್ದೆ. ಅವಳಿಗೆ, "ಬೇರೆ ಕಡೆ ತೆಗೀಲೇನು?" ಎಂದು ಕೇಳಿದೆ.

"ನಾ ಬಂದು ನೋಡಿ ಹೇಳ್ತೀನಿ."

ಯಾವಾಗ ಬರುತ್ತಾಳೆಂದು ಕೇಳಲಿಲ್ಲ. ಹೆಂಡತಿ ಆ ಖೋಲಿಯಲ್ಲಿ ಮೆಣಸಿನಕಾಯಿ ಒಣಹಾಕುತ್ತೇನೆಂದರೆ ಬೇಡ ಅಂದಿದ್ದೇನೆ. ಗ್ರಿಲ್ ತಂದಿಟ್ಟಿದ್ದೇನೆ, ಗೋಡೆಗೆ ಒರಗಿಸಿಯೇ ಇದೆ. ಕಿಟಕಿಗೆ ಕೂರಿಸಿಲ್ಲ.